ಸಾವಿರದ ನೂರೈವತ್ತು ಎಲ್ಲಿ ಹೋಯಿತು?

(ಕೋಲಾರದಲ್ಲಿ ಒಂದು ಭಾನುವಾರ, ಕಾಲೇಜು ಓದುವ ಹುಡುಗ ಹುಡುಗಿಯರ ಮುಂದೆ, ಕಂಪ್ಯೂಟರ್ ಕಮಾಂಡ್‌ಗಳಿಗೆ ಉದಾಹರಣೆ ಬರೆಯುವ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಕಮಾಂಡ್‌ಗಳನ್ನು ಬಾಯಲ್ಲಿ ಹೇಗೆ ಹೇಳಿದೆನೋ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಕೊನೆಯ ಮಾತು ನನ್ನದು. ಹಿಂದಿನ ಸಾಲಿನವರು ಆಗಲೇ ಬಾಗಿಲ ಕಡೆ ನೋಡುತ್ತಿದ್ದೀರಿ, ಗೊತ್ತಾಗುತ್ತೆ. ಬೇಗ ಶುರು ಮಾಡುತ್ತೇನೆ.

ನಮ್ಮ ಸೋದರಮಾವ ಇಲ್ಲೇ ಎಪಿಎಂಸಿಯಲ್ಲಿ ಒಂದು ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2023ರ ಜುಲೈ ನಿಮಗೆಲ್ಲ ನೆನಪಿರಬೇಕು. 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಅದಕ್ಕೆ ಸ್ವಲ್ಪ ಮುಂಚೆ, ದರ ಸಾವಿರದ ಆಸುಪಾಸಿಗೆ ಬಂದಾಗ ನಡೆದದ್ದು ಇದು. ದಿನದ ಲಾಟ್‌ಗಳ ದರವನ್ನೆಲ್ಲ ಮಾವ ಒಂದು ಫೈಲಲ್ಲಿ ಬರೆದಿಟ್ಟಿದ್ದರು, ಸಾಲಿಗೊಂದು ದರ. 'ಇವತ್ತಿನ ಟಾಪ್ ಐದು ತೆಗೆದುಕೊಡಮ್ಮ' ಅಂದರು. ನಾನಾಗ ಲಿನಕ್ಸ್ ಹೊಸದಾಗಿ ಕಲಿತಿದ್ದೆ. ಏನೋ ದೊಡ್ಡ ವಿದ್ಯೆ ತೋರಿಸುವವಳ ಹಾಗೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆಗೆದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲು 'ಸಾರ್ಟ್ ಮೈನಸ್ ಆರ್' ಕೊಟ್ಟೆ, ಬಂದದ್ದನ್ನು ಮೊದಲ ಸಾಲುಗಳನ್ನಷ್ಟೇ ತೋರಿಸುವ 'ಹೆಡ್'ಗೆ ಪೈಪ್ ಮಾಡಿದೆ, ಅಂದರೆ ದಾಟಿಸಿದೆ. 980, 950, 920 ಅಂತ ಬಂತು. ಓದಿ ಹೇಳಿದೆ.

ಮಾವ ಕನ್ನಡಕ ಮೇಲೆ ಸರಿಸಿ ನನ್ನನ್ನೇ ನೋಡಿದರು. 'ಏನಮ್ಮಾ, ನಿನ್ನ ಕಂಪ್ಯೂಟ್ರು ಒಂಬೈನೂರ ಎಂಬತ್ತೇ ಜಾಸ್ತಿ ಅನ್ನುತ್ತೆ. ಸಾವಿರದ ನೂರೈವತ್ತಕ್ಕೆ ಹೋದ ಲಾಟು ನನ್ನ ಕೈಯಲ್ಲೇ ಬರೆದಿದ್ದೀನಲ್ಲ, ಅದೆಲ್ಲಿ ಹೋಯ್ತು?'

ಎಲ್ಲೂ ಹೋಗಿರಲಿಲ್ಲ. ಪಟ್ಟಿಯ ತಳದಲ್ಲಿ ಕೂತಿತ್ತು. ಸಾರ್ಟ್ ಅನ್ನುವುದು ಹೇಳದೇ ಇದ್ದರೆ ಸಂಖ್ಯೆಯನ್ನೂ ಅಕ್ಷರದ ಹಾಗೇ ನೋಡುತ್ತೆ. 1ರಿಂದ ಶುರುವಾದದ್ದು 9ರಿಂದ ಶುರುವಾದದ್ದಕ್ಕಿಂತ ಚಿಕ್ಕದು, ಅಷ್ಟೇ ಅದರ ಲೆಕ್ಕ. 'ಮೈನಸ್ ಎನ್' ಸೇರಿಸಿದ್ದರೆ ಸರಿಯಾಗುತ್ತಿತ್ತು.

ಮನೆಗೆ ಬಂದು 'ಮ್ಯಾನ್ ಸಾರ್ಟ್' ಅಂತ ಕೊಟ್ಟು ಸಾರ್ಟ್‌ನ ಕೈಪಿಡಿ ಪುಟ, ಅಂದರೆ ಮ್ಯಾನ್ ಪೇಜ್, ತೆಗೆದು ನೋಡಿದೆ. ಮೈನಸ್ ಎನ್ ಅಲ್ಲೇ ಇದೆ. ಅದರ ಮುಂದೆ ಬರೆದಿರುವುದನ್ನು ಕನ್ನಡಕ್ಕೆ ತಂದರೆ 'ಸ್ಟ್ರಿಂಗ್‌ನ ಸಂಖ್ಯಾ ಮೌಲ್ಯಕ್ಕೆ ಅನುಗುಣವಾಗಿ ಹೋಲಿಸು' ಅಂತಾಗುತ್ತೆ. ತಪ್ಪೇನೂ ಇಲ್ಲ. ಆದರೆ ಮಂಡಿಯಲ್ಲಿ ಮರ್ಯಾದೆ ಕಳೆದುಕೊಂಡವಳಿಗೆ ಅದರಿಂದ ಏನು ಗೊತ್ತಾಗಬೇಕು? '980, 1150 ಎರಡೂ ಇದ್ದರೆ ಸುಮ್ನೆ ಸಾರ್ಟ್ ಮಾಡಿದಾಗ 1150 ಮೊದಲು ಬರುತ್ತೆ, ಮೈನಸ್ ಎನ್ ಹಾಕಿದರೆ 980 ಮೊದಲು ಬರುತ್ತೆ' ಅಂತ ಒಂದೇ ಒಂದು ಉದಾಹರಣೆ ಇದ್ದಿದ್ದರೆ ಸಾಕಿತ್ತು.

ಇವತ್ತು ನಾನು ಮಾತಾಡುವುದು ಆ ಒಂದು ಉದಾಹರಣೆಯ ಬಗ್ಗೆ. ಶೆಲ್ ಅಂದರೆ ನಾವು ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂ. ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಶೆಲ್‌ಗಳಲ್ಲಿ ಅಂಥ ಉದಾಹರಣೆಯನ್ನು ಯಾರು ಬರೆಯಬಹುದು, ಎಲ್ಲಿ ಬರೆಯಬೇಕು, ಬರೆದದ್ದು ಸರಿ ಅಂತ ಹೇಗೆ ಗೊತ್ತಾಗುತ್ತೆ ಅನ್ನುವುದು.

ಮೊದಲು ಕಮಾಂಡ್ ಯಾರ ಮನೆಯದ್ದು ಅಂತ ಕೇಳಿಕೊಳ್ಳಿ. ಬ್ಯಾಶ್ ಅನ್ನುವ ಶೆಲ್‌ನಲ್ಲಿ 'ಟೈಪ್ ಸಾರ್ಟ್' ಅಂತ ಕೊಟ್ಟರೆ ಒಂದು ಫೈಲಿನ ದಾರಿ ತೋರಿಸುತ್ತೆ. ಅಂದರೆ ಸಾರ್ಟ್ ಬೇರೆಯೇ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಗ್ನೂ ಕೋರ್‌ಯುಟಿಲ್ಸ್ ಅನ್ನುವ ಸಣ್ಣ ಪ್ರೋಗ್ರಾಂಗಳ ಕಟ್ಟಿನದ್ದು. 'ಟೈಪ್ ಸಿಡಿ' ಕೊಟ್ಟು ನೋಡಿ, 'ಶೆಲ್ ಬಿಲ್ಟಿನ್' ಅನ್ನುತ್ತೆ. ಸಿಡಿ ಅಂದರೆ ಫೋಲ್ಡರ್ ಬದಲಾಯಿಸುವ ಕಮಾಂಡ್, ಅದು ಶೆಲ್‌ನ ಹೊಟ್ಟೆಯೊಳಗೇ ಇದೆ. ಅದಕ್ಕೇ ಉಬುಂಟುವಿನಲ್ಲಿ 'ಮ್ಯಾನ್ ಸಿಡಿ' ಕೊಟ್ಟರೆ ಸಾಮಾನ್ಯವಾಗಿ ಏನೂ ಸಿಗಲ್ಲ, 'ಹೆಲ್ಪ್ ಸಿಡಿ' ಕೊಟ್ಟರೆ ಸಿಗುತ್ತೆ.

ಸಿಡಿ ಯಾಕೆ ಒಳಗೆ ಬಂತು ಅನ್ನುವುದಕ್ಕೆ ಒಂದು ಕಥೆ ಇದೆ. ಲಿನಕ್ಸ್‌ಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಂ ಯುನಿಕ್ಸ್ ಮಾಡಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿ ಅವರೇ ಬರೆದಿಟ್ಟದ್ದು. ಆಗ ಈ ಕಮಾಂಡ್‌ನ ಹೆಸರು 'ಸಿಎಚ್‌ಡಿಐಆರ್'. ಮೊದಲು ಚೆನ್ನಾಗೇ ಕೆಲಸ ಮಾಡುತ್ತಿತ್ತು. ಒಂದು ಪ್ರೋಸೆಸ್ಸು, ಅಂದರೆ ಓಡುತ್ತಿರುವ ಪ್ರೋಗ್ರಾಂ, ಇನ್ನೊಂದನ್ನು ಹುಟ್ಟಿಸುವ 'ಫೋರ್ಕ್' ಅನ್ನುವ ಏರ್ಪಾಡು ಬಂದ ಮೇಲೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಕೋಡ್ ನೋಡಿದರೆ ತಪ್ಪಿಲ್ಲ. ಕೊನೆಗೆ ಹೊಳೆಯಿತು: ಈಗ ಕಮಾಂಡ್ ಓಡುವುದು ಮರಿ ಪ್ರೋಸೆಸ್ಸಿನಲ್ಲಿ. ಮರಿ ತನ್ನ ಫೋಲ್ಡರ್ ಬದಲಾಯಿಸಿಕೊಂಡು ಸತ್ತುಹೋಗುತ್ತೆ, ಶೆಲ್ ಇದ್ದಲ್ಲೇ ಇರುತ್ತೆ. ಮಗ ಬೆಂಗಳೂರಿಗೆ ಹೋದರೆ ಅಪ್ಪ ಹೋದ ಹಾಗಾಗುತ್ತಾ? ಅದಕ್ಕೆ ಅದನ್ನು ಶೆಲ್ ಒಳಗೇ ಸೇರಿಸಬೇಕಾಯಿತು.

ಈ ಒಳಗೆ ಹೊರಗೆ ಗೊತ್ತಾದರೆ ತಿದ್ದುಪಡಿ ಯಾರಿಗೆ ಕಳಿಸಬೇಕು ಅನ್ನುವುದೂ ಗೊತ್ತಾಗುತ್ತೆ. ಸಾರ್ಟ್‌ನ ಮ್ಯಾನ್ ಪೇಜ್ ಸರಿಯಿಲ್ಲ ಅಂತ ಬ್ಯಾಶ್ ನೋಡಿಕೊಳ್ಳುವವರಿಗೆ ಬರೆದರೆ, ಮುಳಬಾಗಿಲಿನ ಪಹಣಿಗೆ ಮಾಲೂರು ತಾಲೂಕು ಕಚೇರಿಯಲ್ಲಿ ಕ್ಯೂ ನಿಂತ ಹಾಗೆ.

ಎರಡನೆಯದು, ಬರಹ ಎಲ್ಲಿ ಇಟ್ಟಿರುತ್ತಾರೆ ಅನ್ನುವುದು. ಇದು ಶೆಲ್‌ನಿಂದ ಶೆಲ್‌ಗೆ ಬೇರೆ. 1989ರಲ್ಲಿ ಹೊರಬಂದ ಬ್ಯಾಶ್‌ನಲ್ಲಿ ಪ್ರತಿ ಬಿಲ್ಟಿನ್‌ಗೂ ಒಂದು ಫೈಲ್ ಇದೆ, ಹೆಸರಿನ ಕೊನೆಗೆ 'ಡಾಟ್ ಡೆಫ್' ಅಂತ ಇರುತ್ತೆ. 'ಹೆಲ್ಪ್ ಸಿಡಿ' ಕೊಟ್ಟಾಗ ಕಾಣುವ ಸಾಲುಗಳು ಆ ಫೈಲಲ್ಲೇ, ಕೋಡಿನ ಪಕ್ಕದಲ್ಲೇ ಇವೆ. 2005ರಲ್ಲಿ ಬಂದ ಫಿಶ್‌ನಲ್ಲಿ ವಿವರಣೆಗೆಂದೇ ಬೇರೆ ಫೋಲ್ಡರ್ ಇದೆ, ಕಮಾಂಡಿಗೊಂದು ಪುಟ. ಪ್ರೋಗ್ರಾಮಿಂಗ್ ಬರದವರಿಗೆ ಇದು ಸುಲಭದ ಜಾಗ, ಬರೀ ಬರಹವನ್ನು ತಿದ್ದಿದರೆ ಆಯಿತು. ಪವರ್‌ಶೆಲ್‌ಗೆ ಡಾಕ್ಯುಮೆಂಟೇಶನ್ನಿನ ರೆಪೊಸಿಟರಿಯೇ, ಅಂದರೆ ಫೈಲುಗಳನ್ನಿಡುವ ಜಾಗವೇ, ಬೇರೆ. ಅದರ ಬಗ್ಗೆ ಇಷ್ಟು ಸಾಕು, ನನಗೆ ಅದರಲ್ಲಿ ಕೈ ಪಳಗಿಲ್ಲ.

ನನಗೆ ಇಷ್ಟವಾದದ್ದು ನುಶೆಲ್‌ನ ಪದ್ಧತಿ. 2019ರಲ್ಲಿ ಶುರುವಾದ, ರಸ್ಟ್ ಭಾಷೆಯಲ್ಲಿ ಬರೆದ ಶೆಲ್ ಅದು. ಅಲ್ಲಿ ಪ್ರತಿ ಕಮಾಂಡ್‌ನ ಕೋಡ್ ಫೈಲಲ್ಲೇ ಅದರ ಹೆಸರು, ಒಂದು ಸಾಲಿನ ವಿವರಣೆ, ಹುಡುಕುವ ಪದಗಳು, ಉದಾಹರಣೆಗಳು ಎಲ್ಲ ಇರುತ್ತವೆ. ವೆಬ್‌ಸೈಟಿನಲ್ಲಿ ಕಾಣುವ ಕಮಾಂಡ್ ಪುಟ ಅದರಿಂದಲೇ ತಾನಾಗಿ ತಯಾರಾಗುತ್ತೆ. ಹೊಸಬರು ಇಲ್ಲೇ ಎಡವುವುದು. ಪುಟದಲ್ಲಿ ತಪ್ಪು ಕಂಡಿತು ಅಂತ ಪುಟವನ್ನೇ ತಿದ್ದಿ ಕಳಿಸುತ್ತಾರೆ. ಮುಂದಿನ ಸಲ ಪುಟ ಹೊಸದಾಗಿ ತಯಾರಾದಾಗ ತಿದ್ದಿದ್ದು ಅಳಿಸಿಹೋಗುತ್ತೆ. ಬಿಲ್ಲಿನ ಜೆರಾಕ್ಸ್ ಕಾಪಿಯಲ್ಲಿ ತಿದ್ದಿ, ಖಾತೆ ಪುಸ್ತಕ ಹಾಗೇ ಬಿಟ್ಟ ಹಾಗೆ.

ಉದಾಹರಣೆಯ ವಿಷಯದಲ್ಲಿ ಅವರು ಇನ್ನೊಂದು ಕೆಲಸ ಮಾಡಿದ್ದಾರೆ. ಪ್ರತಿ ಉದಾಹರಣೆಗೂ ಮೂರು ಭಾಗ. ಇದು ಏನು ಮಾಡುತ್ತೆ ಅನ್ನುವ ಒಂದು ಸಾಲು, ಟೈಪ್ ಮಾಡಬೇಕಾದ ಕಮಾಂಡ್, ಬರಬೇಕಾದ ಉತ್ತರ. ಉತ್ತರ ಕೊಟ್ಟಿದ್ದರೆ, ಟೆಸ್ಟ್ ಓಡಿಸಿದಾಗ ಕಂಪ್ಯೂಟರ್ ಆ ಉದಾಹರಣೆಯನ್ನು ನಿಜವಾಗಿ ಓಡಿಸಿ ಹೋಲಿಸಿ ನೋಡುತ್ತೆ. ಹೊಂದದಿದ್ದರೆ ಟೆಸ್ಟ್ ಫೇಲ್. ನಾಳೆ ಯಾರೋ ಕೋಡ್ ಬದಲಾಯಿಸಿ, ಉದಾಹರಣೆ ಸುಳ್ಳಾದರೆ ಅವತ್ತೇ ಸಿಕ್ಕಿಬೀಳುತ್ತೆ. ಸಾಮಾನ್ಯ ಪುಸ್ತಕದಲ್ಲಿ ಹಳಸಿದ ಉದಾಹರಣೆ ವರ್ಷಗಟ್ಟಲೆ ಕೂತಿರುತ್ತೆ, ಓದಿ ಮೋಸಹೋದವರಿಗೆ ಮಾತ್ರ ಗೊತ್ತು.

ಇದನ್ನು ಹೇಳುವುದಕ್ಕೆ ನನಗೇನು ಹಕ್ಕು ಅಂದರೆ, ನಾನೇ ಅಂಥ ತಪ್ಪು ಉದಾಹರಣೆ ಬರೆದವಳು. ಮೊದಲ ಸಲ ಒಂದು ಚಿಕ್ಕ ಪ್ರಾಜೆಕ್ಟ್‌ಗೆ ಉದಾಹರಣೆ ಕಳಿಸಿದಾಗ ಉತ್ತರವನ್ನು ತಲೆಯಲ್ಲೇ ಲೆಕ್ಕ ಹಾಕಿ ಬರೆದಿದ್ದೆ. ಅಷ್ಟು ಸಣ್ಣದಕ್ಕೆ ಓಡಿಸಿ ನೋಡುವುದೇನು ಅಂತ. ಅಲ್ಲಿ ನೋಡಿಕೊಳ್ಳುವವರು ಒಂದೇ ಸಾಲು ಕೇಳಿದರು: 'ಇದನ್ನು ನೀವು ಓಡಿಸಿ ನೋಡಿದಿರಾ?' ಓಡಿಸಿದೆ. ಬೇರೆ ಉತ್ತರ ಬಂತು. ಎರಡು ದಿನ ಆ ಪುಟದ ಕಡೆ ತಲೆ ಹಾಕಲಿಲ್ಲ.

ಈಗ ಒಂದನ್ನು ಇಲ್ಲೇ ಮಾಡೋಣ. ಪರದೆ ನೋಡಿ. ಇದು ನುಶೆಲ್. 'ಸ್ಟರ್ ಲೆಂತ್' ಅನ್ನುವ ಕಮಾಂಡ್ ಒಂದು ಪದದ ಉದ್ದ ಹೇಳುತ್ತೆ. ನಮ್ಮ ಊರಿನ ಹೆಸರನ್ನೇ ಕೊಡುತ್ತೇನೆ, 'ಕೋಲಾರ'. ಎಷ್ಟು ಬರುತ್ತೆ ಹೇಳಿ? ಮೂರು ಅಂದಿರಿ. ಎಂಟರ್ ಒತ್ತುತ್ತೇನೆ. ಹದಿನೈದು!

ನಗಬೇಡಿ, ಅದು ಸರಿಯಾಗೇ ಎಣಿಸಿದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕೋಲಾರ ಅಂದರೆ ಕ, ಓತ್ವ, ಲ, ದೀರ್ಘ, ರ. ಐದು ಸಂಕೇತ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಐದು ಮೂರಲ ಹದಿನೈದು. ಈ ಕಮಾಂಡ್ ಬೇರೇನೂ ಹೇಳದಿದ್ದರೆ ಬೈಟ್ ಎಣಿಸುತ್ತೆ. ಎಣಿಸುವ ಹಳೆಯ ಕಮಾಂಡ್ 'ಡಬ್ಲ್ಯೂಸಿ ಮೈನಸ್ ಸಿ' ಕೂಡ ಬೈಟ್ ಎಣಿಸಿ 15 ಅನ್ನುತ್ತೆ, 'ಡಬ್ಲ್ಯೂಸಿ ಮೈನಸ್ ಎಂ' ಸಂಕೇತ ಎಣಿಸಿ 5 ಅನ್ನುತ್ತೆ. ಎಣಿಸುವ ಮೊದಲು ಪದವನ್ನು 'ಎಕೋ ಮೈನಸ್ ಎನ್' ಅಂತ ಕಳಿಸಬೇಕು, ಇಲ್ಲದಿದ್ದರೆ ಸಾಲು ಮುಗಿದ ಗುರುತೂ ಒಂದು ಅಂತ ಸೇರಿಕೊಳ್ಳುತ್ತೆ. ಫಿಶ್‌ನ 'ಸ್ಟ್ರಿಂಗ್ ಲೆಂತ್' ಹೇಳುವುದೂ 5. ಈಗ ನುಶೆಲ್‌ನಲ್ಲೇ 'ಮೈನಸ್ ಜಿ' ಸೇರಿಸುತ್ತೇನೆ, ಕಣ್ಣಿಗೆ ಕಾಣುವ ಅಕ್ಷರಗಳ ಗುಂಪನ್ನು ಎಣಿಸು ಅಂತ. 3 ಬಂತು. ನೀವು ಹೇಳಿದ್ದೂ ಅದೇ.

ಒಂದೇ ಪದಕ್ಕೆ ಮೂರು ಉತ್ತರ, ಮೂರೂ ಸರಿ. ಮ್ಯಾನ್ ಪೇಜ್‌ಗಳಲ್ಲಿ 'ಕ್ಯಾರಕ್ಟರ್' ಅಂತ ಒಂದು ಪದ ಹಾಕಿ ಮುಂದೆ ಹೋಗಿಬಿಡುತ್ತಾರೆ. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಮೂರೂ ಒಂದೇ ಸಂಖ್ಯೆ, ಅವರಿಗೆ ತೊಂದರೆ ಇಲ್ಲ. ನಮಗೆ ಹಾಗಲ್ಲ. ಈ ಕಮಾಂಡ್‌ನ ಪುಟದಲ್ಲಿ ಜಪಾನಿನ ಬಾವುಟ ಮತ್ತು ಜಪಾನಿ ಅಕ್ಷರಗಳ ಉದಾಹರಣೆ ಒಂದಿದೆ. ಅದನ್ನು ಯಾರೋ ತಮ್ಮ ಕಷ್ಟದಿಂದಲೇ ಬರೆದಿರಬೇಕು ಅಲ್ವಾ?

ಸರಿ, ನಾನೂ ಒಂದು ಕನ್ನಡದ ಉದಾಹರಣೆ ಬರೆದು ನೋಡೋಣ ಅಂತ ಮನೆಯಲ್ಲಿ ಕೂತೆ. ರಸ್ಟ್ ಕೋಡ್ ಮೊದಲ ಸಲ ಕಂಪೈಲ್ ಆಗುವುದಕ್ಕೆ ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲಿ ಬೇಳೆ ಬೆಂದು ಹುಳಿ ಕುದಿಯುವಷ್ಟು ಹೊತ್ತು ಹಿಡಿಯಿತು. ಡಿಸ್ಕ್ ಜಾಗವೂ ಜಾಸ್ತಿ ಬೇಕು, ಮೊದಲೇ ನೋಡಿಕೊಳ್ಳಿ. ಪಕ್ಕದ ಜಿಲ್ಲೆಗೂ ಮರ್ಯಾದೆ ಇರಲಿ ಅಂತ 'ಚಿಕ್ಕಬಳ್ಳಾಪುರ' ಅಂತ ಕೊಟ್ಟೆ, ಮೈನಸ್ ಜಿ ಜೊತೆ. ಚಿ, ಕ್ಕ, ಬ, ಳ್ಳಾ, ಪು, ರ. ಆರು. ಉತ್ತರದ ಜಾಗದಲ್ಲಿ 6 ಅಂತ ಬರೆದು ಟೆಸ್ಟ್ ಓಡಿಸಿದೆ.

ಫೇಲ್. ಬಂದದ್ದು 8.

ಮೊದಲು ನನ್ನ ಟೈಪಿಂಗ್ ತಪ್ಪು ಅಂದುಕೊಂಡೆ. ಆಮೇಲೆ ಅಕ್ಷರ ಬಿಡಿಸಿ ನೋಡಿದೆ. 'ಕ್ಕ' ಅನ್ನು ಅದು 'ಕ್' ಒಂದು, 'ಕ' ಒಂದು ಅಂತ ಎರಡಾಗಿ ಎಣಿಸಿತ್ತು. 'ಳ್ಳಾ' ಕೂಡ ಹಾಗೇ. ಒತ್ತಕ್ಷರ ಇದ್ದಲ್ಲೆಲ್ಲ ಒಂದು ಜಾಸ್ತಿ. ಇದು ನುಶೆಲ್ ಮಾಡಿದ ತಪ್ಪಲ್ಲ, ಅದು ಯೂನಿಕೋಡ್‌ನ ನಿಯಮ ಪಾಲಿಸುತ್ತೆ ಅಷ್ಟೇ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ, ಒತ್ತಕ್ಷರವನ್ನು ಒಂದೇ ಗುಂಪಾಗಿ ಎಣಿಸುವ ನಿಯಮವನ್ನು ಕೆಲವು ಭಾರತೀಯ ಲಿಪಿಗಳಿಗೆ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕೋಲಾರದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ: ಗಡಿಯ ಆ ಕಡೆ ತೆಲುಗಿಗೆ ಸಿಕ್ಕಿದ್ದು ಈ ಕಡೆ ನಮಗೆ ಸಿಗಲಿಲ್ಲ. ಬರೀ ಓದಿಕೊಂಡಿದ್ದರೆ ಇದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಒಂದು ಸಾಲಿನ ಉದಾಹರಣೆ ಬರೆಯಲು ಹೋಗಿ ಗೊತ್ತಾಯಿತು.

ಸಾರ್ಟ್‌ನಲ್ಲೂ ಇಂಥದ್ದೊಂದು ಇದೆ, ಚುಟುಕಾಗಿ ಹೇಳುತ್ತೇನೆ. ಅದರ ಮ್ಯಾನ್ ಪೇಜ್‌ನಲ್ಲೇ ಒಂದು ಎಚ್ಚರಿಕೆ ಇದೆ, ಲೊಕೇಲ್, ಅಂದರೆ ಭಾಷೆ ಮತ್ತು ಪ್ರದೇಶದ ಸೆಟ್ಟಿಂಗಿನ ಪ್ರಕಾರ ಕ್ರಮ ಬದಲಾಗುತ್ತೆ ಅಂತ. 'ಎಲ್‌ಸಿ ಆಲ್' ಅನ್ನುವ ಆ ಸೆಟ್ಟಿಂಗನ್ನು 'ಸಿ' ಮಾಡಿದರೆ ಬೈಟ್‌ಗಳ ಕ್ರಮದಲ್ಲೇ ಜೋಡಿಸುತ್ತೆ. ಯೂನಿಕೋಡ್‌ನಲ್ಲಿ ಳ ಇರುವುದು ಲ ಆದ ಮೇಲೆ, ವ ಬರುವ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಳ ಕಟ್ಟಕಡೆ. ಹಾಗಾಗಿ 'ಕಳಸ', 'ಕವಚ' ಎರಡನ್ನೂ ಕೊಟ್ಟರೆ ಕಳಸ ಮೊದಲು ಬರುತ್ತೆ, ನಿಘಂಟು ನೋಡಿ ಬೆಳೆದವರಿಗೆ ತಲೆಕೆಳಗು. ಇನ್ನು ಕನ್ನಡ ಅಂಕಿ ೯, ೧೦ ಅಂತ ಬರೆದರೆ ಮೈನಸ್ ಎನ್‌ಗೆ ಅವು ಸಂಖ್ಯೆಗಳೇ ಅಲ್ಲ.

ಹುಡುಕುವ ಪದಗಳು ಅಂದೆನಲ್ಲ, ಅದಕ್ಕೆ ಬರುತ್ತೇನೆ. ಇದು ತುಂಬ ಚಿಕ್ಕ ಕೆಲಸ, ಹೊಸಬರಿಗೆ ಸರಿಯಾದದ್ದು. ಕೆಜಿಎಫ್‌ಗೆ ಹೋಗುವವರು ಬಸ್ ಸ್ಟ್ಯಾಂಡಿನಲ್ಲಿ ಏನಂತ ಕೇಳುತ್ತಾರೆ? ಒಬ್ಬರು ರಾಬರ್ಟ್‌ಸನ್‌ಪೇಟೆ ಅಂತಾರೆ, ಇನ್ನೊಬ್ಬರು ಚಾಂಪಿಯನ್ ಅಂತಾರೆ, ಹೊರಗಿನವರು ಚಿನ್ನದ ಗಣಿ ಅಂತಾರೆ. ಕಂಡಕ್ಟರ್‌ಗೆ ಎಲ್ಲವೂ ಗೊತ್ತು, ಬೋರ್ಡಿನಲ್ಲಿ ಒಂದೇ ಹೆಸರು. ಕಮಾಂಡ್ ಹುಡುಕುವವರೂ ಹೀಗೇ. ಹಳೆ ಯುನಿಕ್ಸ್ ಅಭ್ಯಾಸದವರು ಎಣಿಸುವುದಕ್ಕೆ 'ಡಬ್ಲ್ಯೂಸಿ' ಅಂತ ಹುಡುಕುತ್ತಾರೆ, ಎಕ್ಸೆಲ್‌ನಿಂದ ಬಂದವರು 'ಕೌಂಟ್' ಅಂತ ಹುಡುಕುತ್ತಾರೆ. ನುಶೆಲ್‌ನಲ್ಲಿ ಕಮಾಂಡ್‌ನ ಹೆಸರಿನ ಜೊತೆ ಇಂಥ ಪದಗಳನ್ನೂ ಬರೆದಿಡಬಹುದು. ನೀವು ಮೊದಲು ಯಾವ ಪದ ಹಾಕಿ ಹುಡುಕಿ ಸೋತಿರೋ ಆ ಪದವನ್ನು ಬರೆದಿಟ್ಟುಕೊಳ್ಳಿ. ಕಮಾಂಡ್ ಕಲಿತ ಮೇಲೆ ಅದು ನೆನಪಿರುವುದಿಲ್ಲ. ನನಗೆ ಈಗ ಸಾರ್ಟ್ ಬಗ್ಗೆ ಹೊಸದಾಗಿ ಬರೆಯಲು ಹೇಳಿದರೆ ಮೈನಸ್ ಎನ್ ಬಗ್ಗೆ ಬರೆಯುವುದೇ ಮರೆಯಬಹುದು. ಅಷ್ಟು ಅಭ್ಯಾಸವಾಗಿಬಿಟ್ಟಿದೆ.

ಅಂದ ಹಾಗೆ ಮೈನಸ್ ಎನ್ ಎಲ್ಲ ಕಡೆ ಒಂದೇ ಅಂದುಕೊಳ್ಳಬೇಡಿ. ಗ್ನೂ ಸಾರ್ಟ್‌ನಲ್ಲಿ ಎನ್ ಅಂದರೆ ನ್ಯೂಮರಿಕ್. ನುಶೆಲ್‌ನ ಸಾರ್ಟ್‌ನಲ್ಲಿ ಎನ್ ಅಂದರೆ ನ್ಯಾಚುರಲ್, ಅಕ್ಷರದ ರೂಪದಲ್ಲಿರುವ 9, 10, 100ನ್ನು ಮನುಷ್ಯರು ಜೋಡಿಸುವ ಹಾಗೆ ಜೋಡಿಸುವುದು. ಮಾವನ ಫೈಲನ್ನು ಸಿಎಸ್‌ವಿ, ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ, ಮಾಡಿ ನುಶೆಲ್‌ನಲ್ಲಿ ತೆರೆದರೆ ದರಗಳು ತಾವಾಗಿಯೇ ಸಂಖ್ಯೆಗಳಾಗುತ್ತವೆ, ಯಾವ ಎನ್ ಕೂಡ ಬೇಡ. ಆದರೆ ಯಾರಾದರೂ "1,150" ಅಂತ ಕೋಟ್ಸ್ ಒಳಗೆ ಕಾಮಾ ಹಾಕಿದ್ದರೆ ಅದು ಮತ್ತೆ ಅಕ್ಷರವೇ. ಮತ್ತೆ ಮಾವ ಕನ್ನಡಕ ಸರಿಸುತ್ತಾರೆ.

ಇಲ್ಲಿಗೆ ನಾನು ಬರೆದುಕೊಂಡು ಬಂದದ್ದು ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ಮುಂದಿನ ಸಾಲಿನ ಹುಡುಗನೊಬ್ಬ, 'ಮೇಡಂ, ನಮಗೆ ಇಂಗ್ಲಿಷ್ ಅಷ್ಟು ಬರಲ್ಲ, ಹೆಂಗೆ ಬರೆಯೋದು?' ಅಂದ. ಉದಾಹರಣೆಯಲ್ಲಿ ಮುಕ್ಕಾಲು ಭಾಗ ಕಮಾಂಡ್ ಮತ್ತು ಉತ್ತರ, ಅದಕ್ಕೆ ಇಂಗ್ಲಿಷ್ ಬೇಡ. ಉಳಿದ ಒಂದು ಸಾಲನ್ನು ನೋಡಿಕೊಳ್ಳುವವರು ತಿದ್ದಿಕೊಡುತ್ತಾರೆ. ವ್ಯಾಕರಣ ತಪ್ಪಿದರೆ ಯಾರೂ ಬೈಯುವುದಿಲ್ಲ, ಉತ್ತರ ತಪ್ಪಿದರೆ ಕೇಳುತ್ತಾರೆ.

ಹಾಗಾದರೆ ಕನ್ನಡದಲ್ಲೇ ಬರೆಯಬಹುದಾ ಅಂತ ಇನ್ನೊಬ್ಬರು ಕೇಳಿದರು. ಅದಕ್ಕೆ ಒಳ್ಳೆಯ ಜಾಗ 2013ರಿಂದ ನಡೆದು ಬಂದಿರುವ ಟಿಎಲ್‌ಡಿಆರ್ ಪುಟಗಳು. ಒಂದು ಕಮಾಂಡ್‌ಗೆ ಒಂದು ಪುಟ, ಹೆಚ್ಚೆಂದರೆ 8 ಉದಾಹರಣೆ, ಅಷ್ಟೇ. ಬೇರೆ ಬೇರೆ ಭಾಷೆಗೆ ಅನುವಾದ ಮಾಡಿ ಕಳಿಸಬಹುದು. ನನ್ನದೊಂದೇ ಕೋರಿಕೆ, ಫೈಲ್‌ಗೆ 'ಕಡತ' ಅಂತ ಹಾಕಬೇಡಿ. ಕಡತ ಅಂದರೆ ನನಗೆ ಕೆಂಪು ದಾರ ಕಟ್ಟಿದ ಕಟ್ಟು ನೆನಪಾಗುತ್ತೆ. ನಾವು ಮಾತಾಡುವಾಗ ಫೈಲ್ ಅಂತೀವಿ, ಬರೆಯುವಾಗಲೂ ಅದೇ ಇರಲಿ. ಇದಕ್ಕೆ ಸಭೆಯಲ್ಲಿದ್ದ ಕನ್ನಡ ಮೇಷ್ಟ್ರೊಬ್ಬರು ಒಪ್ಪಲಿಲ್ಲ. ಕಡತ ಅನ್ನುವ ಪದವನ್ನು ಬಳಸದೇ ಬಿಟ್ಟರೆ ಅದು ಕಟ್ಟಿನಲ್ಲೇ ಉಳಿಯುತ್ತೆ ಅಂದರು. ಊಟದ ಸಾಲಿನಲ್ಲೂ ಆ ವಾದ ಮುಂದುವರಿಯಿತು, ಇತ್ಯರ್ಥವಾಗಲಿಲ್ಲ.

ಮ್ಯಾನ್ ಪೇಜ್‌ಗಳ ಕೊನೆಯಲ್ಲಿ ಬಗ್ಸ್ ಅಂತ ಇರುತ್ತಲ್ಲ, ತಮ್ಮ ತಪ್ಪು ತಾವೇ ಯಾಕೆ ಬರೆದುಕೊಳ್ಳುತ್ತಾರೆ ಅಂತ ಒಬ್ಬಳು ಕೇಳಿದಳು. ಆ ಪದ್ಧತಿ 1971ರ ನವೆಂಬರ್ 3ರ ತಾರೀಕು ಹೊತ್ತ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಇದೆ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದದ್ದು. ಇದು ಹೀಗೆ ಕೈಕೊಡುತ್ತೆ ಅಂತ ಮೊದಲೇ ಹೇಳಿಬಿಟ್ಟರೆ ಓದುವವರ ಒಂದು ಮಧ್ಯಾಹ್ನ ಉಳಿಯುತ್ತೆ. ನನಗಂತೂ ಮ್ಯಾನ್ ಪೇಜ್ ತೆಗೆದರೆ ಮೊದಲು ಅಲ್ಲಿಗೇ ಹೋಗುವ ಚಟ.

ಕೊನೆಗೆ, ಎಲ್ಲರೂ ಏಳುತ್ತಿದ್ದಾಗ, ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹತ್ತಿರ ಬಂದು ನಿಂತಳು. 'ಅಕ್ಕಾ, ನಮ್ಮೂರು ಶ್ರೀನಿವಾಸಪುರ. ಒಂದ್ಸಲ ಹಾಕಿ ನೋಡ್ಲಾ?' ಹಾಕು, ಆದರೆ ಎಂಟರ್ ಒತ್ತುವ ಮುಂಚೆ ಉತ್ತರ ಹೇಳು ಅಂದೆ. ಅವಳು ಬೆರಳು ಮಡಿಸಿದಳು. ಶ್ರೀ, ನಿ, ವಾ, ಸ, ಪು, ರ. ಆರು ಅಂದವಳು ತಡೆದಳು. 'ಇಲ್ಲ, ಶ್ರೀನಲ್ಲಿ ಒತ್ತು ಇದೆ. ಏಳು. ಮೈನಸ್ ಜಿ ಹಾಕದೇ ಇದ್ರೆ...' ಮತ್ತೆ ಬೆರಳು. 'ಹನ್ನೆರಡು ಮೂರಲ ಮೂವತ್ತಾರು.'

ಟರ್ಮಿನಲ್‌ನಲ್ಲಿ ಶ್ರೀ ಒಡೆದು, ಒತ್ತು ಪಕ್ಕದ ಮನೆಗೆ ಜರುಗಿ ಕೂತಿತ್ತು. ಎರಡು ಸಲ ಎಂಟರ್ ಒತ್ತಿದಳು. 7 ಬಂತು, 36 ಬಂತು.